ಅಕ್ಕನ ಎಡಗೈಗೆ ಒಂದು ಹಿಡಿಕೆ

ನೋಡಿ, ರಾಣೆಬೆನ್ನೂರಿನಲ್ಲಿ ಒಬ್ಬ ಶ್ರೀಮಂತ, ಶಿವಯೋಗೆಪ್ಪ ಅಂತ, ಬೀಜದ ವ್ಯಾಪಾರಿ. ಅವನಿಗಿದ್ದವಳು ಒಬ್ಬಳೇ ಅಕ್ಕ, ವಿಶಾಲಾಕ್ಷಿ. ಚಿಕ್ಕಂದಿನಲ್ಲಿ ಇಬ್ಬರೂ ಬೇಸಿಗೆ ರಜೆಯಿಡೀ ಟಿವಿ ಮುಂದೆ ಕೂತು ವಿಡಿಯೋ ಗೇಮ್ ಆಡಿದವರು. ನಿಮಗೂ ನೆನಪಿರಬೇಕು! ಆಟ ನಿಂತುಹೋದರೆ ಕ್ಯಾಸೆಟ್ ತೆಗೆದು, ಉಫ್ ಎಂದು ಊದಿ, ಮತ್ತೆ ಹಾಕುತ್ತಿದ್ದೆವು. ಹೌದು, ಕಾವಿ ಉಡುವ ಮೊದಲು ನಾನೂ ಊದಿದ್ದೇನೆ. ಟಿವಿ ಬಿಸಿಯಾಯಿತೆಂದು ಅವ್ವ ಬೈದರೆ, ಒದ್ದೆ ಬಟ್ಟೆ ಹಾಕಿ ತಣ್ಣಗೆ ಮಾಡೋಣ ಎನ್ನುವ ವಯಸ್ಸು. ಎಂಥ ದಿನಗಳು!

ಐವತ್ತಕ್ಕೆ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ತಮ್ಮ ಮೆತ್ತನೆಯ ಮಂಚ ತಂದ, ಗೋಡೆಯಗಲದ ಟಿವಿ ತಂದ. ಆಕೆ ಮುಖ ತಿರುಗಿಸಿ ಮಲಗಿದಳು.

“ಏನ ಬೇಕ ಹೇಳಕ್ಕಾ, ತರ್ತೀನಿ.”

“ತರೂದೇನೂ ಬ್ಯಾಡೋ. ನಿನ್ನ ಕೂಡ ಒಂದ ಆಟ ಆಡಬೇಕನಸ್ತೈತಿ.”

ಹೇಗೆ ಆಡಬೇಕು? ಗೇಮಿನ ಕಂಟ್ರೋಲರ್ ಎಂದರೆ ಎರಡು ಕೈಯಲ್ಲಿ ಹಿಡಿದು ಒತ್ತುವ ಗುಂಡಿಗಳ ಡಬ್ಬಿ. ದುಬಾರಿಯದನ್ನು ತರಿಸಿದ, ಆಗಲಿಲ್ಲ. ಇನ್ನೂ ದುಬಾರಿಯದನ್ನು ತರಿಸಿದ, ಅದೂ ಆಗಲಿಲ್ಲ. ಕೊನೆಗೆ ಪ್ಲಾಸ್ಟಿಕ್ ಎಳೆ ಕರಗಿಸಿ ಸಾಮಾನು ಮಾಡುವ ಯಂತ್ರ ಇಟ್ಟಿದ್ದ ಮೌನೇಶ ಬಡಿಗೇರನ ಅಂಗಡಿಗೆ ಆ ಡಬ್ಬಿ ಹಿಡಿದು ಹೋದ.

“ಸಾವಕಾರ್ರ, ಈ ಡಬ್ಬಿ ಮಾಡಿದ ಕಂಪನ್ಯಾರು ಇದರ ನಕ್ಷೆ ಇಂಟರ್ನೆಟ್ಟಿನಾಗ ಎಲ್ಲಾರಿಗೂ ಬಿಟ್ಟಾರ. ಯಾರ ಬೇಕಾದ್ರೂ ಇಳಿಸ್ಕೊಂಡು, ಇದಕ್ಕ ಹೊಂದೋ ಸಾಮಾನ ಮಾಡ್ಕೋಬಹುದು. ಅಕ್ಕಾರ ಕೈ ಅಳತಿ ತರ್ರಿ.”

ಮೊದಲ ಹಿಡಿಕೆ ಮುರಿಯಿತು. ಎರಡನೆಯದು ಅಂಗೈ ಒತ್ತಿತು. ಮೂರನೆಯದು ಕೂತಿತು ನೋಡಿ! ಡಬ್ಬಿ ತೊಡೆಯ ಮೇಲೆ ನಿಲ್ಲಲು ಒಂದು ಆಸರೆ, ಬಲಬದಿಯ ಗುಂಡಿಗಳನ್ನು ಎಡಗೈಯಿಂದಲೇ ಒತ್ತಲು ಒಂದು ಉದ್ದ ಹಿಡಿಕೆ. ಹಳೆಯ ಆಟವನ್ನೇ ಹಾಕಿದರು. ಆ ಟಿಂಟಿಂ ಸಂಗೀತ ಶುರುವಾದದ್ದೇ ತಡ, ಎಂಟು ತಿಂಗಳಿಂದ ನಗದ ಅಕ್ಕ ನಕ್ಕಳು. ತಮ್ಮನಿಗೆ ಟಿವಿ ಕಾಣಿಸಲೇ ಇಲ್ಲ, ಕಣ್ಣು ತುಂಬಿತ್ತು.

ಆದರೆ ವ್ಯಾಪಾರಿಯಲ್ಲವೇ? ಹಿಡಿಕೆ ಕೂಡಿಸಲು ಬಂದು ಅಲ್ಲೇ ನಿಂತಿದ್ದ ಮೌನೇಶನಿಗೆ ಹೇಳಿದ: “ಈ ಹಿಡಿಕಿ ನಕ್ಷೆ ಯಾರಿಗೂ ಕೊಡಬ್ಯಾಡಪಾ. ನಾವ ಮಾಡಿ ಮಾರೂಣು.”

ಅಕ್ಕ ಆಟ ನಿಲ್ಲಿಸಿದಳು. “ಗುರ್ತಿಲ್ಲದವ್ರು ಕೊಟ್ಟಿದ್ದಕ್ಕ ನಾ ಇವತ್ತ ಆಡೀನಿ. ನನ್ನಂಥಾಕಿ ಇನ್ನೊಬ್ಬಾಕಿ ಎಲ್ಲೋ ಮಲಗಿರ್ತಾಳ. ಆಕಿಗೆ ಯಾಕ ಬಾಗಲಾ ಹಾಕ್ತಿ?”

ಶಿವಯೋಗೆಪ್ಪ ತಲೆ ತಗ್ಗಿಸಿದ. ಅದೇ ವಾರ ಹಿಡಿಕೆಯ ನಕ್ಷೆಯನ್ನು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಬಿಟ್ಟ. ಮುರಿದದ್ದು ಯಾಕೆ ಮುರಿಯಿತು ಎಂಬುದನ್ನೂ ಬರೆಸಿದ. ಎರಡು ತಿಂಗಳಾದ ಮೇಲೆ ಕಲಬುರಗಿಯ ಒಬ್ಬ ತಾಯಿ ಬರೆದಳು: ಬೆರಳು ಕಳೆದುಕೊಂಡ ನನ್ನ ಗಂಡ ಈಗ ಮಗಳ ಜೊತೆ ಆಡುತ್ತಾರೆ.

ಈಗ ನಿಮ್ಮನ್ನು ಕೇಳುತ್ತೇನೆ. ತಾಯಂದಿರೇ, ಗುರೆಳ್ಳು ಚಟ್ನಿಯ ಹದ ಕೇಳಿದರೆ ಒಂದು ಸಾಮಾನು ಬಿಟ್ಟು ಹೇಳುತ್ತೀರೋ ಇಲ್ಲವೋ? ನಗಬೇಡಿ! ಮೋಟಾರು ರಿಪೇರಿ ಮಾಡುವ ಅಪ್ಪಾ, ಕೊನೆಯ ವೈರು ಜೋಡಿಸುವಾಗ ಜೊತೆಗಾರನಿಗೆ ಬೆನ್ನು ತಿರುಗಿಸುತ್ತೀಯಲ್ಲ, ಯಾಕೆ? ನಿನಗೆ ಯಾರೂ ಕಲಿಸಲಿಲ್ಲವೇ?

ಮನೆಗೆ ಹೋಗಿ, ಇವತ್ತೇ ಒಬ್ಬರನ್ನು ಹತ್ತಿರ ಕರೆಯಿರಿ. ನಿಮಗೆ ಗೊತ್ತಿರುವ ಒಂದು ಕೆಲಸವನ್ನು ಪೂರ್ತಿ ಹೇಳಿಕೊಡಿ. ಪೂರ್ತಿ. ನೀವು ಎಲ್ಲಿ ತಪ್ಪಿದಿರಿ ಎಂಬುದನ್ನೂ ಸೇರಿಸಿ.