ಕಾರೆಮುಳ್ಳಿನ ಕೆಳಗೆ

ಹರಪನಹಳ್ಳಿಯಿಂದ ಬರುವ ಕೊನೆಯ ಬಸ್ಸು ಇಳಿದು, ಹಾಳುಬಾವಿಯ ದಾರಿಯಲ್ಲಿ ಗಾದಿಲಿಂಗ ಮನೆಗೆ ನಡೆದಿದ್ದ. ಇವನು ನನ್ನ ಅಣ್ಣನ ಮಗ. ನಾನು ಪುಣೆ ಸೇರಿ ನಲವತ್ತು ವರ್ಷವಾದರೂ ನನ್ನ ಹತ್ತಿರ ಏನನ್ನೂ ಮುಚ್ಚಿಡುವವನಲ್ಲ.

ಬಾವಿಯ ಆಚೆ ಮಣ್ಣು ಕೊಡುವ ಜಾಗ. ಅವನ ಆರು ವರ್ಷದ ಒಬ್ಬಳೇ ಮಗಳು ಅಲ್ಲಿದ್ದಳು... ಜ್ವರದಲ್ಲಿ ಹೋಗಿ ಮೂರು ತಿಂಗಳು. ನರಿ ಕೆದರಬಾರದೆಂದು ಹೂತ ಕುಣಿಯ ಮೇಲೆ ಮುಳ್ಳು ಹಾಕುವುದು ನಮ್ಮ ಕಡೆಯ ಪದ್ಧತಿ. ಮಣ್ಣು ಕೊಟ್ಟ ದಿನ ಗಾದಿಲಿಂಗನೇ ಕಾರೆ ಗಿಡದ ಕೊಂಬೆ ಕಡಿದು ತಂದಿದ್ದ. ಅದರ ತುಂಬ ಹಳದಿ ಹಣ್ಣು.

"ಹಣ್ಣು ಉದುರಿಸೋ," ಅಂದಿದ್ದ ಹಿರಿಯ ಓಬಣ್ಣ. "ಹಣ್ಣಿನ ಕೊಂಬಿ ಸತ್ತೋರ ಮ್ಯಾಲ ಹಾಕಬಾರ್ದು."

"ಇರಲಿ ಮಾವ. ಆಕಿಗೆ ಕಾರಿಹಣ್ಣು ಅಂದ್ರ ಜೀವ."

ಈಗ ಅಲ್ಲಿಂದ ಸದ್ದು. ಸರ್... ಸರ್... ಒಣಮುಳ್ಳು ಸರಿದಂತೆ. ಆಮೇಲೆ ಚಟ್. ಹಣ್ಣು ಕಿತ್ತಂತೆ.

ಮೊಬೈಲ್ ಬೆಳಕು ಬಿಟ್ಟ. ಹೆಂಡತಿ ಶಾಂತಕುಮಾರಿ ಕೂತಿದ್ದಳು. ನಾಲ್ಕು ದಿನದಿಂದ ಅನ್ನ ಮುಟ್ಟದವಳು. ಮೊಳಕೈವರೆಗೆ ಕೈ ಮುಳ್ಳಿನೊಳಗೆ. ರಕ್ತ ಇಳಿಯುತ್ತಿತ್ತು. ಕೊಂಬೆ ಒಣಗಿ ಕರಿಕಾಗಿತ್ತು... ಮಡಿಲಲ್ಲಿದ್ದವು ಮಾತ್ರ ಆಗಷ್ಟೇ ಮಾಗಿದ ಹಣ್ಣು.

"ಮನಿಗೆ ನಡಿ, ಶಾಂತಿ."

"ಶ್... ಒಳಗಿಂದ ಕೊಡಾಕತ್ಯಾಳ."

"ಹಿಂಗಾದ್ರ ಸಾಯ್ತೀ ನೀನು."

"ಸತ್ರ ಆಕಿಗೆ ಜೊತಿ ಆಕ್ಕೀನಿ."

ಗಾದಿಲಿಂಗ ನೆಲಕ್ಕೆ ಕುಸಿದ. ಮಣ್ಣಿಗೆ ಬಾಯಿ ಹಚ್ಚಿ ಬೇಡಿಕೊಂಡ. "ನಿಮ್ಮವ್ವನ್ನ ಬಿಡವ್ವ... ನನಗ ಇನ್ಯಾರದಾರ."

ಸದ್ದು ನಿಂತಿತು. ಕೆಳಗಿಂದ ಸಣ್ಣ ದನಿ. ಗಂಟಲು ಒಣಗಿದ ದನಿ.

"ಮುಳ್ಳು ತಗಿ, ಅಪ್ಪ."

ತೆಗೆದರೆ ನರಿ ಬರುತ್ತದೆ. ತೆಗೆಯದಿದ್ದರೆ ಹೆಂಡತಿ ಏಳುವುದಿಲ್ಲ. ಹೆತ್ತವನು ಏನು ಮಾಡಬೇಕು, ಹೇಳಿ... ಬರಿಗೈಯಲ್ಲಿ ಎಲ್ಲ ಕೊಂಬೆ ಎಳೆದು ಬಾವಿಗೆ ಎಸೆದ. ನೀರಿಲ್ಲದ ಬಾವಿ. ಕರ್ರ್... ಎಂದು ಗೋಡೆ ಕೆರೆಯುತ್ತ ಇಳಿದವು.

ಶಾಂತಕುಮಾರಿ ತಾನೇ ಎದ್ದಳು. ಮನೆಗೆ ಬಂದು ಅನ್ನ ಕಲಸಿ ಉಂಡಳು.

ಬೆಳಗಾಗುತ್ತಲೇ ಅವನು ಕುಣಿಯ ಮೇಲೆ ಕಲ್ಲು ಪೇರಿಸಲು ಹೋದ. ನರಿ ಬಂದಿರಲಿಲ್ಲ. ಒಂದು ಹೆಜ್ಜೆ ಗುರುತೂ ಇಲ್ಲ. ಮಣ್ಣು ಮಾತ್ರ ನಡುವೆ ತಗ್ಗಾಗಿತ್ತು. ಕಲ್ಲು ಇಡದೆ ತಿರುಗಿ ಬಂದ.

ಹೋದ ವರ್ಷ ಅವರ ಮನೆಯಲ್ಲಿ ಎರಡು ರಾತ್ರಿ ಮಲಗಿದ್ದೆ. ಬಾಗಿಲಿಗೆ ಚಿಲಕ ಹಾಕಲು ಎದ್ದರೆ ಶಾಂತಕುಮಾರಿ ಕತ್ತಲಲ್ಲೇ ನನ್ನ ಕೈ ಹಿಡಿದಳು.

"ಬ್ಯಾಡ್ರಿ ಅತ್ತಿ. ತೆಗೆದೇ ಇರಲಿ."

ಕಟ್ಟಿದ ಕತೆಯಲ್ಲ ಇದು. ಆ ಚಿಲಕವನ್ನು ನಾನೇ ಮುಟ್ಟಿ ನೋಡಿದ್ದೇನೆ. ಆ ರಾತ್ರಿಯಿಂದ ಹಾಕದೆ ತುಕ್ಕು ಹಿಡಿದು ಅಲುಗುವುದೇ ಇಲ್ಲ.