ಪಾದ್ರಿ ಬರೆದುಕೊಂಡ ಹೆಸರು

ಮಕ್ಕಳಾಗದಂತೆ ಆಪರೇಷನ್ ಮಾಡಿಸುವವರ ಜೀಪು ಬಂತೆಂದರೆ ಊರಿನ ಗಂಡಸರೆಲ್ಲ ಅಡಗುತ್ತಿದ್ದ ಎಪ್ಪತ್ತಾರನೇ ಇಸವಿ. ದೊಡ್ಡಬೆಳವಂಗಲದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಇಬ್ಬರು ರೈತರು ಮಾತಾಡುತ್ತಿದ್ದರು.

"ಬೈಲಪ್ಪ, ಅಂತೂ ಹೋದ್ನಲ್ಲ ಆ ವಿಲಾಯ್ತಿ ಪಾದ್ರಿ."

"ಅಪ್ಪಯ್ಯಣ್ಣ, ಅವನಿಗೆ ಇನ್ನೂ ಮೀಸೆ ಮೂಡಿಲ್ಲ, ವಾರವೆಲ್ಲಾ ನಮಗೆ ದೇವ್ರ ವಿಷ್ಯ ಹೇಳ್ಕೊಟ್ಟ!"

"ದಿನಾ ಸಂಜೆ ಕಣ್ಣು ಮುಚ್ಕೊಳ್ಳಿ ಅಂತಿದ್ನಲ್ಲ, ಯಾಕೆ?"

"ಗಂಡಸ್ರ ತಲೆ ಎಣಿಸಕ್ಕೆ. ನಾನು ಒಂದು ಕಣ್ಣು ಬಿಟ್ಕೊಂಡೇ ಇದ್ದೆ."

"ಹೆಸರೂ ಬರ್ಕೊಂಡ. ಪ್ರಾರ್ಥನೆ ಮಾಡಕ್ಕಂತೆ."

"ಪ್ರಾರ್ಥನೆಗೆ ಅಪ್ಪನ ಹೆಸರು ಯಾಕೆ ಬೇಕು? ಆ ಪುಸ್ತಕ ನೆಟ್ಟಗೆ ಆಪರೇಷನ್ನೋರ ಕೈಗೆ ಹೋಗ್ತದೆ, ನೋಡ್ತಿರು."

"ನೀನೂ ಬರೆಸಿದ್ಯಲ್ಲ?"

"ನನ್ನ ಹೆಸರು ಯಾಕೆ ಹೇಳ್ಲಿ? ಬೇರೆ ಯಾರ್ದೋ ಹೇಳ್ದೆ."

"ಯಾರ್ದು?"

ಬೈಲಪ್ಪ ರಸ್ತೆಯ ಕಡೆ ನೋಡಿದ.

"ಅದಕ್ಕೇನ್ಲಾ, ಪಾದ್ರಿ ಹೊರಡುವಾಗ ನಿನ್ನ ಕೈ ಹಿಡ್ಕೊಂಡು 'ಬರ್ತೀನಿ ಅಪ್ಪಯ್ಯಣ್ಣ' ಅಂದಿದ್ದು?"

"ಕೂಗಾಡ್ಬೇಡ. ಆಮೇಲೆ ನಿನ್ನ ಕೈ ಹಿಡ್ಕೊಂಡು 'ಬೈಲಪ್ಪ' ಅನ್ಲಿಲ್ವಾ?"

ಬಸ್ಸಿಗಿಂತ ಮೊದಲು ದೂರದಲ್ಲಿ ಜೀಪೊಂದು ಕಂಡಿತು. ಇಬ್ಬರೂ ಮಾತು ನಿಲ್ಲಿಸಿ, ಒಬ್ಬರ ಹಿಂದೊಬ್ಬರು ರಾಗಿ ಹೊಲಕ್ಕೆ ಇಳಿದು ಓಡಿದರು.