ಮುಂದೆ ನಿಂತವನು ಬಗ್ಗಿದ

ಐದೈದು ಜನರ ಫುಟ್‌ಬಾಲ್ ಆಡಿ ಸೋತು ಬಂದ ಇಬ್ಬರು ಕಿರ್ಗಿಜ್‌ಸ್ತಾನದ ಬಿಷ್ಕೆಕ್‌ನ ವ್ಯಾನ್ ನಿಲ್ದಾಣದಲ್ಲಿ ನನ್ನ ಮುಂದೆ ನಿಂತಿದ್ದರು. ಗೋಲ್‌ಕೀಪರ್ ಮೇಲಿಸ್‌ನ ಕಣ್ಣು ಊದಿಕೊಂಡಿತ್ತು. ಇನ್ನೊಬ್ಬ ಅದೇ ತಂಡದ ನಾಯಕ ಕುಬಾತ್.

“ಕೊನೇವರೆಗೂ ಸಮ ಇದ್ವಿ. ನೀವು ನಾಲ್ಕೂ ಜನ ಬಂದು ಗೋಲಿನ ಮುಂದೆ ಗುಂಪು ಕಟ್ಟಿದ್ರಲ್ಲ, ಯಾರಣ್ಣ ಹೇಳಿದ್ದು?” ಎಂದ ಮೇಲಿಸ್.

“ನಾನೇ ಕಣೋ. ಕೊನೇಲಿ ಗೋಡೆ ಥರ ನಿಂತ್ಬಿಟ್ರೆ ಆಯ್ತು ಅಂತ.”

“ಗೋಡೆಯಂತೆ! ಬಾಲ್ ಇದ್ದೋನ ಹತ್ರ ಒಬ್ಬನೂ ಹೋಗ್ಲಿಲ್ಲ. ಅವನು ಆರಾಮಾಗಿ ಗುರಿಯಿಟ್ಟು ಒದ್ದ.”

“ಅಷ್ಟು ದೂರದಿಂದ ಒದ್ದಿದ್ದನ್ನ ನೀನು ಹಿಡೀಬೇಕಿತ್ತು.”

“ಕಂಡ್ರೆ ತಾನೆ ಹಿಡಿಯೋದು? ಅಡ್ಡ ನಿಂತಿದ್ದೋನು ನೀನು. ಬಾಲ್ ಹತ್ರ ಬಂದಾಗ ತಲೆ ಬಗ್ಗಿಸಿದೆ. ನನ್ನ ಕಣ್ಣಿಗೆ ಬಡಿದು ಒಳಗೋಯ್ತು.”

“ಇನ್ನೇನ್ ಮಾಡ್ಲಿ? ಮುಂದಿನ ವಾರ ಮದುವೆ ಕಣೋ ನಂದು. ಮೂಗು ಒಡ್ಕೊಂಡು ಕೂರ್ಲಾ?”

“ಬಗ್ಗಿದ್ದು ಬಿಡು. ಆಮೇಲೆ ಎಲ್ಲರೆದುರು ನನ್ನನ್ನೇ ಕುರುಡ ಅಂದ್ಯಲ್ಲ! ಥೂ, ಹೇಸಿಗೆ ಆಗುತ್ತೆ ನಿನ್ನ ನೋಡಿದ್ರೆ.”

ವ್ಯಾನ್ ಬಂತು. ಕುಬಾತ್ ಮೊದಲು ಹತ್ತಿ ಪಕ್ಕದ ಸೀಟಿನ ಮೇಲೆ ಕೈಯಿಟ್ಟ.

“ಬಾರೋ, ನಿಂಗೂ ಜಾಗ ಹಿಡಿದಿದೀನಿ.”

“ನಾನು ನಡ್ಕೊಂಡೇ ಹೋಗ್ತೀನಿ.”

ಮೇಲಿಸ್ ಚೀಲವನ್ನು ಹೆಗಲಿಗೇರಿಸಿ, ತಿರುಗಿಯೂ ನೋಡದೆ ಹೊರಟುಹೋದ.